ರೋಬಾಟ್ ಆಟಿಕೆ: ಹೆಸರು ಒಂದೇ, ಒಳಗಿರುವುದು ಬೇರೆ ಬೇರೆ

ಕಳೆದ ಕೆಲವು ತಿಂಗಳ ಸುದ್ದಿ ಓದಿದ ತಂದೆ ತಾಯಿಗಳಿಗೆ ಗೊಂದಲ ಆಗದಿದ್ದರೇ ಆಶ್ಚರ್ಯ. 2025ರ ನವೆಂಬರ್‌ನಲ್ಲಿ ಅಮೆರಿಕದ ಪಿಐಆರ್‌ಜಿ ಎಂಬ ಗ್ರಾಹಕರ ಸಂಘಟನೆ ಮಾತಾಡುವ ಎಐ ಆಟಿಕೆಗಳನ್ನು ಪರೀಕ್ಷೆ ಮಾಡಿ ವರದಿ ಹೊರತಂದಿತು. ಕುಮ್ಮ ಎಂಬ ಕರಡಿ ಗೊಂಬೆ ಚಾಕು, ಬೆಂಕಿಕಡ್ಡಿ ಎಲ್ಲಿ ಸಿಗುತ್ತವೆ ಅಂತ ಹೇಳಿಕೊಟ್ಟಿತ್ತು. ಮಕ್ಕಳ ಮುಂದೆ ಆಡಬಾರದ ಮಾತುಗಳನ್ನೂ ಆಡಿತ್ತು. ವರದಿ ಬಂದ ಮೇಲೆ ತಯಾರಕರು ಕೆಲ ಕಾಲ ಅದರ ಮಾರಾಟ ನಿಲ್ಲಿಸಿದರು.

ಎರಡೇ ತಿಂಗಳಲ್ಲಿ ಇನ್ನೊಂದು ಸುದ್ದಿ. 2026ರ ಜನವರಿಯಲ್ಲಿ ಲೆಗೊ ಕಂಪನಿ ‘ಸ್ಮಾರ್ಟ್ ಬ್ರಿಕ್’ ತೋರಿಸಿತು. ನೋಡಲು ಮಾಮೂಲಿ ಲೆಗೊ ಇಟ್ಟಿಗೆ. ಒಳಗೆ ಚಿಪ್, ಸೆನ್ಸಾರ್, ಪುಟ್ಟ ಸ್ಪೀಕರ್. ಅಲುಗಾಡಿಸಿದರೆ ಸದ್ದು ಮಾಡುತ್ತದೆ, ಬೆಳಗುತ್ತದೆ. ಮಕ್ಕಳ ಆಟದ ಪರವಾಗಿ ದನಿ ಎತ್ತುವ ಕೆಲವರು ಇದಕ್ಕೂ ತಕರಾರು ತೆಗೆದರು. ವಿಮಾನ ಹಾರಿಸುವಾಗ ಮಗು ತನ್ನ ಬಾಯಲ್ಲೇ ಮಾಡುತ್ತಿದ್ದ ಸದ್ದನ್ನು ಈಗ ಇಟ್ಟಿಗೆ ಮಾಡಿಬಿಟ್ಟರೆ ಕಲ್ಪನೆಗೆ ಏನು ಉಳಿಯುತ್ತದೆ ಎನ್ನುವುದು ಅವರ ಚಿಂತೆ.

ಇತ್ತ ಶಾಲೆಗಳು ರೋಬಾಟಿಕ್ಸ್ ಕಿಟ್ ತರಿಸುತ್ತಿವೆ. ಗೇರ್, ಮೋಟಾರ್ ಜೋಡಿಸಿ ಆಡಿದರೆ ಗಣಿತ, ವಿಜ್ಞಾನ ತಾನಾಗಿ ತಲೆಗೆ ಹತ್ತುತ್ತದೆ ಎಂಬ ಭರವಸೆ ಕೊಡಲಾಗುತ್ತಿದೆ. ಹಾಗಾದರೆ ಇವು ಮಕ್ಕಳಿಗೆ ಒಳ್ಳೆಯವೋ, ಕೆಟ್ಟವೋ? ಈ ಪ್ರಶ್ನೆಗೆ ನೇರ ಉತ್ತರ ಸಿಗದಿರಲು ಕಾರಣವಿದೆ. ನಾವು ಮೂರು ಬೇರೆ ಬೇರೆ ವಸ್ತುಗಳನ್ನು ಒಂದೇ ಹೆಸರಿನಿಂದ ಕರೆಯುತ್ತಿದ್ದೇವೆ.

ಮೊದಲು ಬೇರೆ ಮಾಡಿ ನೋಡೋಣ

ಒಂದನೆಯದು ಮಾತಾಡುವ ಆಟಿಕೆ. ಮಗು ಕೇಳುತ್ತದೆ, ಆಟಿಕೆ ಉತ್ತರ ಕೊಡುತ್ತದೆ. ಉತ್ತರ ಬರುವುದು ಎಲ್ಲೋ ದೂರದ ಸರ್ವರ್‌ನಿಂದ. ಕುಮ್ಮ ಈ ಗುಂಪಿನದು. 2017ರಲ್ಲಿ ಜರ್ಮನಿ ನಿಷೇಧಿಸಿದ ‘ಕೇಯ್ಲಾ’ ಗೊಂಬೆಯೂ ಇದೇ ಜಾತಿ. ಅದು ಕದ್ದು ಕೇಳುವ ಸಾಧನ ಆಗಬಲ್ಲದು ಎಂದು ಅಲ್ಲಿನ ದೂರಸಂಪರ್ಕ ನಿಯಂತ್ರಣ ಸಂಸ್ಥೆ ತೀರ್ಮಾನಿಸಿತ್ತು.

ಎರಡನೆಯದು ಮೊದಲೇ ಬರೆದಿಟ್ಟಂತೆ ಪ್ರತಿಕ್ರಿಯೆ ತೋರುವ ಆಟಿಕೆ. ಸ್ಮಾರ್ಟ್ ಬ್ರಿಕ್ ಇಲ್ಲಿ ಬರುತ್ತದೆ. ಅದರಲ್ಲಿ ಎಐ ಇಲ್ಲ, ಕ್ಯಾಮೆರಾ ಇಲ್ಲ. ಅದರ ಹತ್ತಿರ ಯಾವ ಟ್ಯಾಗ್ (ಗುರುತು ಹೊತ್ತ ಪುಟ್ಟ ತುಂಡು) ಇಟ್ಟರೆ ಯಾವ ಸದ್ದು ಎನ್ನುವುದನ್ನು ಕಂಪನಿಯೇ ನಿರ್ಧರಿಸಿರುತ್ತದೆ. ಆಟಕ್ಕೆ ಬಣ್ಣ ಬರಬಹುದು. ಅದನ್ನು ಕಲಿಕೆಯ ಕಿಟ್ ಎಂದು ಕರೆಯುವುದು ಮಾತ್ರ ತಪ್ಪು. ಅದನ್ನು ಕರಡಿ ಗೊಂಬೆಯ ಜೊತೆ ಸೇರಿಸಿ ಬೈಯುವುದೂ ಅಷ್ಟೇ ತಪ್ಪು.

ಮೂರನೆಯದು ಕಟ್ಟುವ ಕಿಟ್. ಇದರಲ್ಲಿ ಸಿದ್ಧ ಆಟಿಕೆ ಇರುವುದೇ ಇಲ್ಲ. ಡಬ್ಬಿ ತೆರೆದರೆ ಚಕ್ರ, ಗೇರ್, ಮೋಟಾರ್, ಸೆನ್ಸಾರ್, ಬ್ಯಾಟರಿ ಬಾಕ್ಸ್. ಏನಾಗಬೇಕು, ಹೇಗೆ ನಡೆಯಬೇಕು ಎನ್ನುವುದನ್ನು ಮಗು ತೀರ್ಮಾನಿಸುತ್ತದೆ. ತಪ್ಪಾದರೆ ಬಿಚ್ಚಿ ಮತ್ತೆ ಕಟ್ಟುತ್ತದೆ. ಕಲಿಕೆಯ ಬಗ್ಗೆ ಅರ್ಧ ಶತಮಾನದಿಂದ ಚರ್ಚೆ ನಡೆದಿರುವುದು ಈ ಮೂರನೆಯ ಗುಂಪಿನ ಬಗ್ಗೆ. ಈ ಲೇಖನ ಮುಖ್ಯವಾಗಿ ಇದರ ಕುರಿತು.

ನೆಲದ ಮೇಲಿನ ಆಮೆ

ಸೀಮೋರ್ ಪ್ಯಾಪರ್ಟ್ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಗಣಿತಜ್ಞ. ಮಕ್ಕಳ ಯೋಚನೆ ಹೇಗೆ ಬೆಳೆಯುತ್ತದೆ ಎಂದು ಬದುಕಿಡೀ ಹುಡುಕಿದ ಜೀನ್ ಪಿಯಾಜೆ ಜೊತೆ ಜಿನೀವಾದಲ್ಲಿ ಕೆಲಸ ಮಾಡಿದ್ದರು. ಆಮೇಲೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ಸೇರಿದರು. 1967ರಲ್ಲಿ ವಾಲಿ ಫೋರ್ಜಿಗ್, ಸಿಂಥಿಯಾ ಸಾಲೊಮನ್ ಮೊದಲಾದವರ ಜೊತೆ ಸೇರಿ ಮಕ್ಕಳಿಗಾಗಿಯೇ ‘ಲೋಗೊ’ ಎಂಬ ಕಂಪ್ಯೂಟರ್ ಭಾಷೆ ರೂಪಿಸಿದರು. ಸ್ವಲ್ಪ ಕಾಲದಲ್ಲೇ ಅದಕ್ಕೊಂದು ದೇಹವೂ ಬಂತು. ನೆಲದ ಮೇಲೆ ತೆವಳುವ, ಹೊಟ್ಟೆಯ ಕೆಳಗೆ ಪೆನ್ನು ಹಿಡಿದ ರೋಬಾಟ್. ಹೆಸರು ಆಮೆ.

ಆಮೆಗೆ ಗೊತ್ತಿದ್ದದ್ದು ಸ್ವಲ್ಪವೇ. ಮುಂದೆ ಹೋಗು, ಹಿಂದೆ ಹೋಗು, ಇಷ್ಟು ಡಿಗ್ರಿ ತಿರುಗು. ಇಷ್ಟರಲ್ಲೇ ಎಷ್ಟು ಗಣಿತ ಅಡಗಿದೆ ಎಂದು ತಿಳಿಯಲು ಒಂದು ತ್ರಿಕೋನ ಸಾಕು.

ಮೂರೂ ಬದಿ ಸಮ ಇರುವ ತ್ರಿಕೋನದ ಪ್ರತಿ ಮೂಲೆ 60 ಡಿಗ್ರಿ ಅಂತ ಪುಸ್ತಕದಲ್ಲಿದೆ. ಮಗು ಅದನ್ನು ನಂಬಿ ಬರೆಯುತ್ತದೆ: ಮುಂದೆ 100, ಬಲಕ್ಕೆ 60. ಹೀಗೆ ಮೂರು ಸಲ. ಆಮೆ ಹೊರಡುತ್ತದೆ, ತಿರುಗುತ್ತದೆ, ಮತ್ತೆ ಹೊರಡುತ್ತದೆ. ಕೊನೆಗೆ ನೆಲದ ಮೇಲೆ ಮೂಡುವುದು ತ್ರಿಕೋನವಲ್ಲ, ಮಗುಚಿಟ್ಟ ಬಟ್ಟಲಿನಂಥ ಗೆರೆ. ಎರಡು ತುದಿ ಕೂಡಿಲ್ಲ.

ಪುಸ್ತಕ ಸುಳ್ಳು ಹೇಳಿಲ್ಲ. ಆಮೆಯೂ ತಪ್ಪು ಮಾಡಿಲ್ಲ. ಹಾಗಾದರೆ ಎಡವಿದ್ದು ಎಲ್ಲಿ? ಮಗು ಎದ್ದು ನಿಂತು ತಾನೇ ತ್ರಿಕೋನದ ಮೇಲೆ ನಡೆದು ನೋಡಿದರೆ ಗುಟ್ಟು ತಿಳಿಯುತ್ತದೆ. ಮೂಲೆಗೆ ಬಂದಾಗ ಮೈ ತಿರುಗಬೇಕಾದ್ದು ಸುಮ್ನೆ ಸ್ವಲ್ಪ ಅಲ್ಲ. ಹೆಚ್ಚುಕಡಿಮೆ ಬಂದ ದಾರಿಯ ಕಡೆಗೇ ಮುಖ ಮಾಡಬೇಕು. 60 ಎನ್ನುವುದು ಒಳಗಿನ ಕೋನ. ನಡೆಯುವವರು ತಿರುಗಬೇಕಾದ್ದು 180ರಲ್ಲಿ 60 ಕಳೆದರೆ ಉಳಿಯುವ 120. ಮೂರು ಸಲ 120 ತಿರುಗಿದರೆ 360, ಅಂದರೆ ಪೂರ್ತಿ ಒಂದು ಸುತ್ತು. ಚೌಕಕ್ಕೆ ನಾಲ್ಕು ಸಲ 90, ಅದೂ 360. ಐದು ಮೂಲೆಯದಕ್ಕೆ 72. ತನ್ನ ಗೆರೆಯನ್ನು ತಾನೇ ದಾಟದೆ ಹೊರಟ ಜಾಗಕ್ಕೆ, ಹೊರಟ ದಿಕ್ಕಿಗೇ ಮುಖ ಮಾಡಿ ವಾಪಸ್ ಬರಬೇಕಾದರೆ ಒಟ್ಟು ಒಂದು ಸುತ್ತು ತಿರುಗಲೇಬೇಕು ಎನ್ನುವ ಮಾತು ಬಾಯಿಪಾಠ ಮಾಡದೆ ಮೈಗೆ ಹತ್ತುತ್ತದೆ.

ಒಂದು ಹೆಜ್ಜೆ ಮುಂದೆ, ಒಂದು ಡಿಗ್ರಿ ಬಲಕ್ಕೆ, ಹೀಗೆ 360 ಸಲ ಅಂದರೆ ಆಮೆ ವೃತ್ತ ಬರೆಯುತ್ತದೆ. ವೃತ್ತ ಎನ್ನುವುದು ಪ್ರತಿ ಹೆಜ್ಜೆಗೂ ಸಮನಾಗಿ ಬಾಗುವ ದಾರಿ ಎಂಬ ತಿಳಿವಳಿಕೆ ಇದು. ದೊಡ್ಡ ತರಗತಿಯ ಗಣಿತದ ಬಾಗಿಲು ಇಲ್ಲೇ ತೆರೆಯುತ್ತದೆ.

ಪ್ಯಾಪರ್ಟ್ ಅವರ ವಾದದ ತಿರುಳೂ ಇದೇ. ಕಂಪ್ಯೂಟರ್ ಮಗುವನ್ನು ನಡೆಸುವ ಬದಲು ಮಗುವೇ ಕಂಪ್ಯೂಟರನ್ನು ನಡೆಸಬೇಕು ಎಂದು ಅವರು ಹೇಳುತ್ತಿದ್ದರು. ತಾನು ಚಿಕ್ಕವನಿದ್ದಾಗ ಗೇರ್‌ಗಳ ಜೊತೆ ಆಡಿದ್ದರಿಂದಲೇ ಗುಣಾಕಾರ, ಸಮೀಕರಣ ಹತ್ತಿರವಾದವು ಎಂದು ಅವರು 1980ರ ತಮ್ಮ ಪುಸ್ತಕದ ಮುನ್ನುಡಿಯಲ್ಲಿ ಬರೆದಿದ್ದಾರೆ. ಆ ಪುಸ್ತಕದ ಹೆಸರು ‘ಮೈಂಡ್‌ಸ್ಟಾರ್ಮ್ಸ್’. 1998ರಲ್ಲಿ ಲೆಗೊ ತನ್ನ ರೋಬಾಟ್ ಕಿಟ್‌ಗೆ ಇಟ್ಟದ್ದು ಇದೇ ಹೆಸರನ್ನು.

ನೇರ ಹೋಗು ಅಂದರೆ ನೇರ ಹೋಗದು

ಈಗಿನ ಕಿಟ್‌ಗಳಲ್ಲಿ ಏನು ನಡೆಯುತ್ತದೆ? ಎಲ್ಲರೂ ಮೊದಲು ಕಟ್ಟುವುದು ಎರಡು ಚಕ್ರದ ಗಾಡಿ. ಎಡಕ್ಕೊಂದು ಮೋಟಾರ್, ಬಲಕ್ಕೊಂದು ಮೋಟಾರ್. ಎರಡಕ್ಕೂ ಒಂದೇ ವೇಗ ಕೊಟ್ಟು ಬಿಟ್ಟರೆ ಗಾಡಿ ನೇರ ಹೋಗಬೇಕು, ಅಲ್ವಾ? ಹೋಗುವುದಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಹಾಗೆ ಒಂದು ಕಡೆಗೆ ವಾಲುತ್ತದೆ. ಎರಡು ಮೋಟಾರ್ ಒಂದೇ ಅಚ್ಚಿನವಾದರೂ ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಬ್ಯಾಟರಿ ಒಂದು ಬದಿಗೆ ಕೂತಿರಬಹುದು. ಒಂದು ಚಕ್ರ ಚೌಕಟ್ಟಿಗೆ ಉಜ್ಜುತ್ತಿರಬಹುದು.

ಕಂಪ್ಯೂಟರ್ ಪರದೆಯ ಮೇಲೆ ನೇರ ಗೆರೆ ಯಾವಾಗಲೂ ನೇರವಾಗಿಯೇ ಇರುತ್ತದೆ. ನೆಲದ ಮೇಲೆ ಹಾಗಲ್ಲ. ಅಲ್ಲಿ ಘರ್ಷಣೆ ಇದೆ, ತೂಕ ಇದೆ, ಧೂಳಿದೆ. ಈ ಕಿಟ್‌ಗಳ ಬೆಲೆ ಇರುವುದು ಇಲ್ಲೇ ಎಂದು ನನಗನ್ನಿಸುತ್ತದೆ. ಮಗು ತಲೆಯಲ್ಲಿ ಅಂದುಕೊಂಡದ್ದಕ್ಕೂ ನೆಲದ ಮೇಲೆ ಆದದ್ದಕ್ಕೂ ನಡುವಿನ ಅಂತರ ಕಣ್ಣಿಗೆ ಕಾಣುತ್ತದೆ. ಕೈ ಹಾಕಿ ಸರಿಮಾಡಬಹುದು. ಯಾರೂ ಕೆಂಪು ಶಾಯಿಯಲ್ಲಿ ಗೀಟು ಹಾಕಿಲ್ಲ, ಅಂಕ ಕಳೆದಿಲ್ಲ. ‘ಕೆಟ್ಟ ಮೇಲೆ ಬುದ್ಧಿ ಬಂತು’ ಎನ್ನುವ ಗಾದೆ ಸಾಮಾನ್ಯವಾಗಿ ಚುಚ್ಚುಮಾತು. ಇಲ್ಲಿ ಮಾತ್ರ ಅದೇ ಕಲಿಯುವ ದಾರಿ.

ಸರಿಯಾಗಿ ಒಂದು ಮೀಟರ್ ಹೋಗಿ ನಿಲ್ಲಬೇಕು ಅಂದರೆ? ಚಕ್ರದ ವ್ಯಾಸ 56 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಒಂದು ಸುತ್ತಿಗೆ ಅದು ಸಾಗುವ ದೂರ 56ನ್ನು ಪೈಯಿಂದ ಗುಣಿಸಿದಷ್ಟು, ಸುಮಾರು 176 ಮಿಲಿಮೀಟರ್. ಸಾವಿರವನ್ನು 176ರಿಂದ ಭಾಗಿಸಿದರೆ ಹತ್ತಿರ ಹತ್ತಿರ 5.7 ಸುತ್ತು. ಪರೀಕ್ಷೆಗಾಗಿ ನೆನಪಿಟ್ಟ 3.14ಕ್ಕೆ ಇಲ್ಲಿ ಕೆಲಸ ಸಿಗುತ್ತದೆ. ಅದನ್ನು ತಪ್ಪಿಸಿದರೆ ಗಾಡಿ ಗೋಡೆಗೆ ಗುದ್ದುತ್ತದೆ.

ಗೇರ್ ವಿಷಯವೂ ಹಾಗೇ. ಎಂಟು ಹಲ್ಲಿನ ಗೇರ್‌ನಿಂದ 40 ಹಲ್ಲಿನದನ್ನು ತಿರುಗಿಸಿದರೆ ಚಿಕ್ಕದು ಐದು ಸುತ್ತು ಸುತ್ತಿದಾಗ ದೊಡ್ಡದು ಒಂದು ಸುತ್ತು. ವೇಗ ಐದನೇ ಒಂದು ಪಾಲು, ತಿರುಗಿಸುವ ಬಲ ಹೆಚ್ಚುಕಡಿಮೆ ಐದು ಪಟ್ಟು. ಅಚ್ಚನ್ನು ಬೆರಳಲ್ಲಿ ಒತ್ತಿ ಹಿಡಿದು ನಿಲ್ಲಿಸಲು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಚಿಕ್ಕ ಗೇರ್ ಬದಿಯಲ್ಲಿ ಹಿಡಿದರೆ ನಿಂತುಬಿಡುತ್ತದೆ. ದೊಡ್ಡ ಗೇರ್ ಬದಿಯಲ್ಲಿ ಬೆರಳನ್ನೇ ತಳ್ಳಿಕೊಂಡು ಹೋಗುತ್ತದೆ. ಅನುಪಾತ ಎನ್ನುವ ಪದ ಆಮೇಲೆ ಬಂದರೂ ಪರವಾಗಿಲ್ಲ.

ಕಪ್ಪು ಪಟ್ಟಿಯ ಅಂಚಿನಲ್ಲಿ

ಇನ್ನೂ ಕಷ್ಟದ ವಿಚಾರವೊಂದಿದೆ. ಇಂಗ್ಲಿಷಿನಲ್ಲಿ ಫೀಡ್‌ಬ್ಯಾಕ್ ಅನ್ನುತ್ತಾರೆ. ಆದದ್ದನ್ನು ಅಳೆದು, ಬೇಕಾದದ್ದರ ಜೊತೆ ಹೋಲಿಸಿ, ಮತ್ತೆ ತಿದ್ದಿಕೊಳ್ಳುವುದು. ಫ್ರಿಜ್ ತಣ್ಣಗಿರುವುದು, ವಿಮಾನ ಅದೇ ಎತ್ತರದಲ್ಲಿ ಹಾರುವುದು, ನಮ್ಮ ಮೈ ಬಿಸಿ ಏರುಪೇರಾಗದಿರುವುದು ಎಲ್ಲ ಇದರಿಂದಲೇ. ಎಂಜಿನಿಯರಿಂಗ್ ಓದುವವರು ಇದನ್ನು ದೊಡ್ಡ ದೊಡ್ಡ ಸಮೀಕರಣಗಳಲ್ಲಿ ಕಲಿಯುತ್ತಾರೆ. ಹತ್ತು ವರ್ಷದ ಮಗುವಿಗೆ ಬೇಕಾದ್ದು ಬಿಳಿ ನೆಲ, ಕಪ್ಪು ಟೇಪ್, ಒಂದು ಬೆಳಕಿನ ಸೆನ್ಸಾರ್.

ಸೆನ್ಸಾರ್ ನೆಲದಿಂದ ವಾಪಸ್ ಬರುವ ಬೆಳಕನ್ನು ಅಳೆಯುತ್ತದೆ. ಉದಾಹರಣೆಗೆ ಬಿಳಿಯ ಮೇಲೆ 80, ಕಪ್ಪಿನ ಮೇಲೆ 10. ಟೇಪಿನ ಅಂಚಿನ ಮೇಲೆ ನಡುವಿನ 45. ಮಗು ಮೊದಲು ಬರೆಯುವ ನಿಯಮ ಸುಲಭದ್ದು. ಕಪ್ಪು ಕಂಡರೆ ಬಲಕ್ಕೆ ತಿರುಗು, ಬಿಳಿ ಕಂಡರೆ ಎಡಕ್ಕೆ ತಿರುಗು. ಗಾಡಿ ಅಂಚು ಹಿಡಿದು ಹೋಗುತ್ತದೆ. ಆದರೆ ಕುಡಿದವರ ಹಾಗೆ ಓಲಾಡಿಕೊಂಡು.

ಯಾಕೆ? ಅಂಚಿನಿಂದ ಸ್ವಲ್ಪ ಸರಿದರೂ, ಜಾಸ್ತಿ ಸರಿದರೂ ಅದು ಒಂದೇ ಜೋರಿನಲ್ಲಿ ತಿರುಗುತ್ತಿದೆ. ಸ್ವಲ್ಪ ತಪ್ಪಿಗೆ ಸ್ವಲ್ಪ ತಿದ್ದುಪಡಿ, ದೊಡ್ಡ ತಪ್ಪಿಗೆ ದೊಡ್ಡ ತಿದ್ದುಪಡಿ ಮಾಡಿದರೆ? ಈಗ ಸೆನ್ಸಾರ್ ತೋರಿಸುವ ಅಂಕಿಯಲ್ಲಿ 45 ಕಳೆಯಬೇಕು. ಉಳಿದದ್ದನ್ನು ಒಂದು ಸಂಖ್ಯೆಯಿಂದ ಗುಣಿಸಿ, ಅಷ್ಟು ತಿರುಗು ಅನ್ನಬೇಕು. ಗಾಡಿ ತಟ್ಟನೆ ನಯವಾಗಿ ಹೋಗಲು ಶುರುಮಾಡುತ್ತದೆ. ಆ ಸಂಖ್ಯೆ ದೊಡ್ಡದಾದರೆ ಮತ್ತೆ ನಡುಕ. ತೀರಾ ಚಿಕ್ಕದಾದರೆ ತಿರುವಿನಲ್ಲಿ ಹಾದಿ ಬಿಟ್ಟು ಹೊರಗೆ. ಎರಡರ ನಡುವೆ ಹದ ಹುಡುಕಬೇಕು. ಕಾರ್ಖಾನೆಗಳ ಯಂತ್ರಗಳಲ್ಲಿ ದಿನವೂ ಬಳಕೆಯಾಗುವ ನಿಯಂತ್ರಣದ ಮೊದಲ ಪಾಠ ಇದು. ಕಳೆಯುವುದು, ಗುಣಿಸುವುದು ಬಿಟ್ಟರೆ ಬೇರೆ ಗಣಿತ ಬೇಕಿಲ್ಲ.

ಪರದೆಯೇ ಇಲ್ಲದ ಕಿಟ್‌ಗಳು

‘ಇದಕ್ಕೂ ಟ್ಯಾಬ್ ಬೇಕು, ಮತ್ತೆ ಪರದೆ ಮುಂದೆಯೇ ಕೂರಬೇಕು’ ಎಂಬ ಆಕ್ಷೇಪ ನ್ಯಾಯವಾದದ್ದು. ಅನೇಕ ಕಿಟ್‌ಗಳಲ್ಲಿ ಅದು ನಿಜ ಕೂಡ. ಆದರೆ ಬೇರೆ ದಾರಿಗಳೂ ಇವೆ.

ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಹೇಯ್ಸ್ ರಾಫಲ್, ಅಮಾಂಡಾ ಪಾರ್ಕ್ಸ್ ಮತ್ತು ಹಿರೋಶಿ ಇಶಿ 2004ರಲ್ಲಿ ‘ಟೊಪೊಬೊ’ ಎಂಬ ಕಟ್ಟುವ ಆಟಿಕೆಯನ್ನು ಮುಂದಿಟ್ಟರು. ಅದರ ತುಂಡುಗಳನ್ನು ಸೇರಿಸಿ ನಾಯಿ, ಜಿಂಕೆಯಂಥ ಪ್ರಾಣಿ ಕಟ್ಟಬಹುದು. ಕೆಲವು ತುಂಡುಗಳಲ್ಲಿ ಮೋಟಾರ್ ಮತ್ತು ಒಂದು ಗುಂಡಿ. ಗುಂಡಿ ಒತ್ತಿ ಕಾಲನ್ನು ಕೈಯಿಂದಲೇ ಹಿಂದೆ ಮುಂದೆ ಆಡಿಸಬೇಕು. ಮತ್ತೆ ಒತ್ತಿದರೆ ಅದು ಆ ಚಲನೆಯನ್ನೇ ನೆನಪಿಟ್ಟುಕೊಂಡು ಮತ್ತೆ ಮತ್ತೆ ಮಾಡುತ್ತದೆ. ಕೋಡ್ ಇಲ್ಲ, ಪರದೆ ಇಲ್ಲ.

ಕಾಲು ಆಡಿಸಿದ್ದು ಚೆನ್ನಾಗಿಯೇ ಇರುತ್ತದೆ. ಆದರೂ ಪ್ರಾಣಿ ದಬಕ್ಕನೆ ಬೀಳುತ್ತದೆ. ಕೈಯಲ್ಲಿ ಎತ್ತಿ ಹಿಡಿದಾಗ ನಾಲ್ಕು ಕಾಲೂ ಗಾಳಿಯಲ್ಲಿದ್ದವು, ತೂಕ ಹೊರುವ ಕೆಲಸ ಇರಲಿಲ್ಲ. ನೆಲಕ್ಕಿಟ್ಟಾಗ ಒಂದು ಕಾಲು ಎತ್ತಿದರೆ ಉಳಿದವು ಮೈಭಾರ ಹೊರಬೇಕು. ತಲೆ ಭಾರವಾಯಿತು, ಬಾಲ ಉದ್ದ ಮಾಡೋಣ ಎಂದು ಮಗು ಹೊರಡುತ್ತದೆ. ಗುರುತ್ವ ಕೇಂದ್ರ ಎಂಬ ಪದ ಕೇಳದ ಮಗುವೂ ಅದರ ಜೊತೆ ಗುದ್ದಾಡುತ್ತಿರುತ್ತದೆ.

ಕ್ಯೂಬ್ಲೆಟ್ಸ್ ಎಂಬುದು ಇನ್ನೊಂದು ಬಗೆ. ಅಯಸ್ಕಾಂತದಿಂದ ಅಂಟಿಕೊಳ್ಳುವ ಚಿಕ್ಕ ಚೌಕ ತುಂಡುಗಳು. ಒಂದು ತುಂಡು ಎದುರಿನ ವಸ್ತು ಎಷ್ಟು ಹತ್ತಿರವಿದೆ ಎಂದು ನೋಡುತ್ತದೆ, ಒಂದು ಓಡುತ್ತದೆ, ಒಂದು ಬ್ಯಾಟರಿ. ಸೇರಿಸಿದರೆ ಸಾಕು, ಕೈ ಹತ್ತಿರ ತಂದಷ್ಟೂ ಜೋರಾಗಿ ಓಡುತ್ತದೆ. ನಡುವೆ ‘ತಿರುವುಮುರುವು’ ಮಾಡುವ ತುಂಡು ಸಿಕ್ಕಿಸಿದರೆ ಕೈ ಹತ್ತಿರ ಬಂದಾಗ ನಿಧಾನವಾಗುತ್ತದೆ. ಮಕ್ಕಳು ತಕ್ಷಣ ‘ಅದಕ್ಕೆ ಹೆದರಿಕೆ’ ಅಂತ ಕತೆ ಕಟ್ಟುತ್ತಾರೆ. ಹಾಗೆ ಕತೆ ಕಟ್ಟುವುದು ಮಕ್ಕಳಷ್ಟೇ ಅಲ್ಲ. ವ್ಯಾಲೆಂಟಿನೊ ಬ್ರೈಟೆನ್‌ಬರ್ಗ್ ಎಂಬ ಮೆದುಳು ವಿಜ್ಞಾನಿ 1984ರಲ್ಲೇ ಇದನ್ನು ವಿವರಿಸಿದ್ದರು. ಎರಡು ಬೆಳಕಿನ ಸೆನ್ಸಾರ್, ಎರಡು ಮೋಟಾರ್. ತಂತಿ ನೇರ ಜೋಡಿಸಿದರೆ ಗಾಡಿ ಬೆಳಕಿನಿಂದ ಓಡಿಹೋಗುತ್ತದೆ, ಅಡ್ಡ ಜೋಡಿಸಿದರೆ ಬೆಳಕಿನ ಮೇಲೆ ಎರಗುತ್ತದೆ. ನೋಡಿದವರಿಗೆ ಒಂದು ಪುಕ್ಕಲು, ಇನ್ನೊಂದು ಸಿಡುಕು. ಒಳಗಿರುವುದು ನಾಲ್ಕು ತಂತಿ ಅಷ್ಟೇ. ಆ ತಂತಿಯನ್ನು ತಾನೇ ಜೋಡಿಸಿದ ಮಗು ಮುಂದೊಂದು ದಿನ ‘ನನಗೆ ನೀನಂದ್ರೆ ಇಷ್ಟ’ ಎನ್ನುವ ಗೊಂಬೆ ಎದುರಾದಾಗ ಸ್ವಲ್ಪ ಯೋಚಿಸಬಹುದು ಎನ್ನುವ ಆಸೆ ನನ್ನದು.

ಆದರೂ ಎಲ್ಲರೂ ಯಾಕೆ ಒಪ್ಪುವುದಿಲ್ಲ?

ಒಪ್ಪದವರ ವಾದ ಗಟ್ಟಿಯಾಗಿದೆ. ಅದನ್ನು ತಳ್ಳಿಹಾಕುವಂತಿಲ್ಲ.

ಲೋಗೊ ಬಂದಾಗ ಭಾರಿ ನಿರೀಕ್ಷೆ ಇತ್ತು. ಪ್ರೋಗ್ರಾಮ್ ಬರೆಯಲು ಕಲಿತ ಮಗು ಬೇರೆ ಕೆಲಸಗಳಲ್ಲೂ ಕ್ರಮವಾಗಿ ಯೋಚಿಸುತ್ತದೆ ಎಂದು ನಂಬಿದ್ದರು. ರಾಯ್ ಪೀ ಮತ್ತು ಮಿಡಿಯನ್ ಕರ್ಲಂಡ್ ಎಂಬ ಸಂಶೋಧಕರು ಅದನ್ನೇ ಪರೀಕ್ಷಿಸಿದರು. ತರಗತಿಯ ಕೆಲಸಗಳನ್ನು, ಅಂದರೆ ಬೋರ್ಡ್ ಒರೆಸುವುದು, ಗಿಡಕ್ಕೆ ನೀರು ಹಾಕುವುದು ಮುಂತಾದವನ್ನು ಕಡಿಮೆ ಓಡಾಟದಲ್ಲಿ ಮುಗಿಸುವ ಯೋಜನೆ ಮಾಡಲು ಮಕ್ಕಳಿಗೆ ಹೇಳಿದರು. ಒಂದು ವರ್ಷ ಲೋಗೊ ಕಲಿತ ಮಕ್ಕಳು ಕಲಿಯದವರಿಗಿಂತ ಚೆನ್ನಾಗಿ ಮಾಡಲಿಲ್ಲ. 1984ರ ಸುಮಾರಿಗೆ ಬಂದ ಈ ಫಲಿತಾಂಶ ದೊಡ್ಡ ಪೆಟ್ಟು ಕೊಟ್ಟಿತು.

ಕಲಿಕೆಯ ಮನಶ್ಶಾಸ್ತ್ರಜ್ಞರಾದ 2004ರಲ್ಲಿ ರಿಚರ್ಡ್ ಮೇಯರ್, 2006ರಲ್ಲಿ ಪಾಲ್ ಕಿರ್ಶ್ನರ್ ಮತ್ತು ಸಂಗಡಿಗರು ಇದೇ ಮಾತನ್ನು ಇನ್ನೂ ವಿಸ್ತರಿಸಿದರು. ಮಕ್ಕಳ ಮುಂದೆ ಸಾಮಾನು ಇಟ್ಟು ‘ನೀವೇ ಕಂಡುಹಿಡಿಯಿರಿ’ ಅಂದರೆ ಹೊಸಬರ ತಲೆ ಭಾರವಾಗುತ್ತದೆ, ಕಲಿಕೆ ಆಗುವುದಿಲ್ಲ ಎನ್ನುವುದು ಅವರ ವಾದ. ಒಂದೇ ಸಲಕ್ಕೆ ತಲೆಯಲ್ಲಿ ಹಿಡಿದಿಟ್ಟುಕೊಳ್ಳುವ ಜಾಗ ಕಡಿಮೆ. ಗೇರ್ ಯಾವುದು, ತಂತಿ ಎಲ್ಲಿಗೆ, ಪ್ರೋಗ್ರಾಮ್ ಹೇಗೆ ಎಂಬುದರಲ್ಲೇ ಆ ಜಾಗ ತುಂಬಿಹೋದರೆ ಮುಖ್ಯ ವಿಚಾರಕ್ಕೆ ಎಲ್ಲಿ ಜಾಗ?

ಇದು ಹೇಗೆ ಆಗುತ್ತದೆ ಎಂದು ಕಪ್ಪು ಪಟ್ಟಿಯ ಗಾಡಿಯಲ್ಲೇ ನೋಡಬಹುದು. ಗುಣಿಸುವ ಸಂಖ್ಯೆಗೆ ಮಗು 2 ಹಾಕುತ್ತದೆ, ಓಡಿಸುತ್ತದೆ. ಸರಿ ಬರಲಿಲ್ಲ. 3 ಹಾಕುತ್ತದೆ. ಆಮೇಲೆ 1. ಆಮೇಲೆ 0.7. ಗಾಡಿ ಓಡಿತು, ಚಪ್ಪಾಳೆ ಬಿತ್ತು. ಯಾಕೆ ಓಡಿತು ಎನ್ನುವುದು ಮಗುವಿಗೆ ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೇ ಬೀಳಲಿಲ್ಲ. ಆಟ ಗೆದ್ದಿತು, ವಿಚಾರ ಕೈತಪ್ಪಿತು.

ಇನ್ನೊಂದು ಬಗೆಯ ಸೋಲೂ ಇದೆ. ಪುಸ್ತಿಕೆಯ ಚಿತ್ರ ನೋಡುತ್ತಾ ಒಂದೊಂದೇ ತುಂಡು ಜೋಡಿಸುವುದು. ಕೊನೆಗೆ ಡಬ್ಬಿಯ ಮೇಲಿರುವ ರೋಬಾಟೇ ಬರುತ್ತದೆ. ಫೋಟೊ ತೆಗೆಯುತ್ತಾರೆ, ಶೆಲ್ಫ್ ಮೇಲೆ ಇಡುತ್ತಾರೆ. ಅಲ್ಲಿ ಮಗು ಕಲಿತದ್ದು ಚಿತ್ರ ನೋಡಿ ಜೋಡಿಸುವುದನ್ನು. ಅದೂ ಒಂದು ಕೌಶಲವೇ, ಆದರೆ ಭರವಸೆ ಕೊಟ್ಟದ್ದು ಅದನ್ನಲ್ಲ.

ಹಾಗಾದರೆ ಪ್ಯಾಪರ್ಟ್ ಸೋತರೇ? ಹಾಗೂ ಹೇಳಲಾಗದು. ಡಗ್ಲಾಸ್ ಕ್ಲೆಮೆಂಟ್ಸ್ ಮತ್ತಿತರರು ಲೋಗೊ ಜೊತೆಗೆ ಶಿಕ್ಷಕರ ಮಾರ್ಗದರ್ಶನ ಸೇರಿಸಿ ನೋಡಿದರು. ಆಮೆಯ ತಿರುವನ್ನು ಕೋನದ ಪಾಠಕ್ಕೆ ಕೂಡಿಸಿ, ಮಕ್ಕಳಿಂದ ಮಾತಾಡಿಸಿದಾಗ ಜ್ಯಾಮಿತಿಯಲ್ಲಿ ಪ್ರಗತಿ ಕಂಡಿತು. ಪ್ಯಾಪರ್ಟ್ ಕೂಡ ತಮ್ಮ ಟೀಕಾಕಾರರಿಗೆ ಇದನ್ನೇ ಹೇಳಿದ್ದರು: ಯಂತ್ರ ಏನು ಮಾಡಿತು ಎಂದು ಕೇಳಬೇಡಿ, ಅದರ ಸುತ್ತ ಜನ ಏನು ಮಾಡಿದರು ಎಂದು ಕೇಳಿ ಎನ್ನುವುದು ಅವರ ಉತ್ತರದ ಸಾರ.

ಎರಡೂ ಕಡೆಯ ಮಾತು ಸೇರಿಸಿ ನೋಡಿದರೆ ನನ್ನ ತೀರ್ಮಾನ ಸ್ಪಷ್ಟ. ಕಿಟ್ ತಪ್ಪನ್ನು ತೋರಿಸಬಲ್ಲದು, ತಿದ್ದಲು ಬಿಡಬಲ್ಲದು. ಆ ತಪ್ಪಿನಿಂದ ವಿಚಾರವನ್ನು ಹೊರತೆಗೆಯುವ ಕೆಲಸಕ್ಕೆ ಪಕ್ಕದಲ್ಲಿ ಒಬ್ಬರು ಬೇಕು. ಅವರು ಎಂಜಿನಿಯರ್ ಆಗಿರಬೇಕಿಲ್ಲ. ಗುಂಡಿ ಒತ್ತುವ ಮೊದಲು ‘ಈಗ ಏನಾಗುತ್ತೆ ಹೇಳು’ ಎಂದು ಕೇಳಬೇಕು. ಒತ್ತಿದ ಮೇಲೆ ‘ನೀನು ಅಂದುಕೊಂಡ ಹಾಗೆ ಯಾಕೆ ಆಗಲಿಲ್ಲ’ ಎಂದು ಕೇಳಬೇಕು. ಮೊದಲ ಪ್ರಶ್ನೆ ಇಲ್ಲದಿದ್ದರೆ ಎರಡನೆಯದಕ್ಕೆ ಅರ್ಥವಿಲ್ಲ. ಮುಂಚೆ ಏನೂ ಅಂದುಕೊಳ್ಳದವರಿಗೆ ತಪ್ಪಾಯಿತು ಅಂತ ಗೊತ್ತಾಗುವುದಾದರೂ ಹೇಗೆ?

ಇಡೀ ತರಗತಿಗೆ ನಾಲ್ಕು ಡಬ್ಬಿ

ಇದರ ಪರಿಣಾಮ ನೇರವಾಗಿ ಶಾಲೆಯ ಖರ್ಚಿನ ಲೆಕ್ಕಕ್ಕೆ ಬಂದು ತಾಗುತ್ತದೆ. ಹಣವೆಲ್ಲ ಡಬ್ಬಿಗೆ ಹೋಗಿ, ಶಿಕ್ಷಕರ ತರಬೇತಿಗೆ ಏನೂ ಉಳಿಯದಿದ್ದರೆ ಕಿಟ್‌ಗಳು ಬೀರು ಸೇರುತ್ತವೆ. ಕಿಟ್ ಕಡಿಮೆ, ಮಕ್ಕಳು ಜಾಸ್ತಿ ಆದರೆ ಒಂದು ಮಗು ಕಟ್ಟುತ್ತದೆ, ಉಳಿದವು ಕತ್ತು ಚಾಚಿ ನೋಡುತ್ತವೆ. ಕೈ ಹಾಕದವರಿಗೆ ಇದು ಮತ್ತೊಂದು ಟಿವಿ.

ಯಾರ ಕೈಗೆ ಸಿಗುತ್ತದೆ ಎನ್ನುವುದೂ ಮುಖ್ಯ. ಆಲಿಸನ್ ಮಾಸ್ಟರ್ ಮತ್ತು ಸಂಗಡಿಗರು 2017ರಲ್ಲಿ ಆರು ವರ್ಷದ 96 ಮಕ್ಕಳ ಮೇಲೆ ಮಾಡಿದ ಅಧ್ಯಯನ ಪ್ರಕಟಿಸಿದರು. ಸ್ವಲ್ಪ ಹೊತ್ತು ತಾವೇ ರೋಬಾಟ್‌ಗೆ ಪ್ರೋಗ್ರಾಮ್ ಮಾಡಿದ ಹುಡುಗಿಯರು, ಹಾಗೆ ಮಾಡದ ಹುಡುಗಿಯರಿಗಿಂತ ತಂತ್ರಜ್ಞಾನದಲ್ಲಿ ಹೆಚ್ಚು ಆಸಕ್ತಿ ತೋರಿದರು. ತಮಗೆ ಅದು ಆಗುತ್ತದೆ ಎಂಬ ವಿಶ್ವಾಸವೂ ಹೆಚ್ಚಿತ್ತು. ಹುಡುಗರಿಗೂ ಹುಡುಗಿಯರಿಗೂ ನಡುವಿನ ಅಂತರ ಕುಗ್ಗಿತ್ತು. ಆ ಆಸಕ್ತಿ ವರ್ಷಗಳ ಕಾಲ ಉಳಿಯುತ್ತದೆ ಎಂದು ಈ ಒಂದು ಅಧ್ಯಯನ ಹೇಳುವುದಿಲ್ಲ. ಆದರೂ ಗುಂಪಿನಲ್ಲಿ ಹುಡುಗರು ಮೋಟಾರ್ ಹಿಡಿದು ಹುಡುಗಿಯರಿಗೆ ಚಾರ್ಟ್ ಬರೆಯುವ ಕೆಲಸ ಕೊಡುವ ಅಭ್ಯಾಸ ಯಾಕೆ ಬಿಡಬೇಕು ಎನ್ನುವುದಕ್ಕೆ ಇಷ್ಟು ಸಾಕು.

ಕಂಪನಿ ಮುಚ್ಚಿದ ಮೇಲೆ

2024ರ ಡಿಸೆಂಬರ್‌ನಲ್ಲಿ ಎಂಬಾಡೀಡ್ ಎಂಬ ಅಮೆರಿಕದ ಕಂಪನಿ ಬಾಗಿಲು ಹಾಕುವುದಾಗಿ ಹೇಳಿತು. ಅದು ತಯಾರಿಸುತ್ತಿದ್ದ ಮಾಕ್ಸಿ ಎಂಬ ಮಾತಾಡುವ ರೋಬಾಟ್ ಪೂರ್ತಿಯಾಗಿ ಸರ್ವರ್ ಮೇಲೆ ನಿಂತಿತ್ತು. ಸರ್ವರ್ ನಿಂತರೆ ಮಾತೂ ನಿಲ್ಲುತ್ತದೆ. ಅದನ್ನು ಗೆಳೆಯ ಎಂದೇ ನಂಬಿದ್ದ ಮಕ್ಕಳಿಗೆ ಇದನ್ನು ಹೇಗೆ ಹೇಳುವುದು ಎಂದು ತಂದೆ ತಾಯಿಗಳು ಪರದಾಡಿದರು. ಕಂಪನಿ ಆಮೇಲೆ ಬೇರೆ ಸರ್ವರ್‌ನಲ್ಲಿ ಅದನ್ನು ನಡೆಸಲು ಒಂದು ದಾರಿ ಮಾಡಿಕೊಟ್ಟಿತು. ಆದರೆ ಅದು ಕಂಪ್ಯೂಟರ್ ಬಲ್ಲವರಿಗಷ್ಟೇ ಸುಲಭ.

ಕಟ್ಟುವ ಕಿಟ್‌ಗಳೂ ನಿಲ್ಲುತ್ತವೆ. ಮೈಂಡ್‌ಸ್ಟಾರ್ಮ್ಸ್ ಸಾಲನ್ನು ಲೆಗೊ 2022ರ ಕೊನೆಗೆ ನಿಲ್ಲಿಸಿತು. ಆದರೆ ಪರಿಣಾಮ ಬೇರೆ. ಗೇರ್ ಗೇರಾಗಿಯೇ ಉಳಿಯಿತು. ಇಟ್ಟಿಗೆಗಳು ಉಳಿದ ಇಟ್ಟಿಗೆಗಳ ಜೊತೆ ಕೂಡುತ್ತವೆ. ಆ ಸಾಲಿನ 2013ರ ಇವಿ3 ಎಂಬ ಕಂಪ್ಯೂಟರ್ ತುಂಡನ್ನು ಪೈಬ್ರಿಕ್ಸ್‌ನಂಥ ಮುಕ್ತ ತಂತ್ರಾಂಶದಿಂದ ಇವತ್ತಿಗೂ ನಡೆಸಬಹುದು. ಕೊಳ್ಳುವ ಮುಂಚೆ ಕೇಳಬೇಕಾದ ಪ್ರಶ್ನೆ ಇದರಿಂದಲೇ ಹುಟ್ಟುತ್ತದೆ. ಇಂಟರ್ನೆಟ್ ಇಲ್ಲದೆ ಇದು ನಡೆಯುತ್ತದೆಯೇ? ಆ್ಯಪ್ ನಿಂತುಹೋದರೆ ಎಷ್ಟು ಭಾಗ ಕೆಲಸಕ್ಕೆ ಬರುತ್ತದೆ? ಒಂದು ತುಂಡು ಕಳೆದರೆ ಅದೊಂದೇ ಸಿಗುತ್ತದೆಯೇ?

ಎಲೆಕ್ಟ್ರಾನಿಕ್ಸ್ ಬೇಡವೇ ಬೇಡ, ಮರದ ತುಂಡು ಸಾಕು ಎನ್ನುವವರ ಮಾತಿಗೆ ಇಲ್ಲಿ ತೂಕ ಬರುತ್ತದೆ. ಜರ್ಮನಿಯ ಶಿಕ್ಷಣತಜ್ಞ ಫ್ರೋಬೆಲ್ ಸುಮಾರು 1837ರಿಂದಲೇ ಪುಟ್ಟ ಮಕ್ಕಳಿಗೆ ಮರದ ಗುಂಡು, ಘನ ಕೊಟ್ಟು ಕಲಿಸಿದರು. ಅವು ಯಾವತ್ತೂ ಹಳತಾಗಲಿಲ್ಲ. ಮೂರು, ನಾಲ್ಕು ವರ್ಷದ ಮಗುವಿಗೆ ನಾನೂ ಅದನ್ನೇ ಹೇಳುತ್ತೇನೆ. ಸಮತೋಲನ, ಆಕಾರ, ಎತ್ತರ ತಿಳಿಯಲು ಮೋಟಾರ್ ಬೇಕಿಲ್ಲ. ಫೀಡ್‌ಬ್ಯಾಕ್‌ನಂಥ ವಿಚಾರಕ್ಕೆ ಮಾತ್ರ ತಾನಾಗಿ ಅಳೆದು, ತಾನಾಗಿ ಚಲಿಸುವ ವಸ್ತು ಬೇಕು. ಅದನ್ನು ಮರದ ತುಂಡು ತೋರಿಸಲಾರದು.

ಕೋಡನ್ನು ಎಐ ಬರೆದುಕೊಟ್ಟರೆ?

ಕೊನೆಯ ಗೊಂದಲ ಹೊಸದು. ‘ಕಪ್ಪು ಪಟ್ಟಿ ಹಿಡಿದು ಹೋಗುವ ಗಾಡಿಗೆ ಪ್ರೋಗ್ರಾಮ್ ಕೊಡು’ ಅಂತ ಎಐಗೆ ಹೇಳಿದರೆ ಕ್ಷಣದಲ್ಲಿ ಕೊಡುತ್ತದೆ. ಹಾಗಾದರೆ ಮಕ್ಕಳು ಇದನ್ನೆಲ್ಲ ಯಾಕೆ ಕಲಿಯಬೇಕು?

ಕೋಡಿಂಗ್ ಕೆಲಸ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಕಿಟ್ ಕೊಡಿಸಿದವರಿಗೆ ಈ ಪ್ರಶ್ನೆ ಚುಚ್ಚುತ್ತದೆ. ಆ ಕಾರಣ ಮೊದಲಿನಿಂದಲೂ ದುರ್ಬಲವಾಗಿತ್ತು. ತ್ರಿಕೋನದ ತಿರುವು, ಗೇರಿನ ಬಲ, ತಪ್ಪಿಗೆ ತಕ್ಕ ತಿದ್ದುಪಡಿ ಇವು ಯಾವ ಭಾಷೆಯಲ್ಲಿ ಕೋಡ್ ಬರೆದರೂ, ಬರೆಯದಿದ್ದರೂ ಬೇಕಾದವು.

ಆ ಸಿದ್ಧ ಪ್ರೋಗ್ರಾಮನ್ನೇ ತಂದು ಗಾಡಿಗೆ ಹಾಕಿ ನೋಡಿ. ಅದರಲ್ಲಿ ನಡುವಿನ ಅಂಕಿ 50 ಅಂತ ಬರೆದಿರಬಹುದು. ಈ ಕೋಣೆಯಲ್ಲಿ ಕಿಟಕಿಯ ಬೆಳಕು ಒಂದು ಕಡೆಯಿಂದ ಬೀಳುತ್ತಿದೆ. ಸೆನ್ಸಾರ್ ನೆಲದಿಂದ ಎರಡು ಬೆರಳು ಮೇಲಿದೆ. ಇಲ್ಲಿ ಬಿಳಿ ನೆಲವೇ 48 ತೋರಿಸುತ್ತಿದೆ. ಗಾಡಿಯ ಲೆಕ್ಕದಲ್ಲಿ ಎಲ್ಲ ಕಡೆಯೂ ಕಪ್ಪೇ. ಅದು ಒಂದೇ ಕಡೆಗೆ ತಿರುಗುತ್ತಾ ಸುತ್ತಲು ಶುರುಮಾಡುತ್ತದೆ. ಇನ್ನೊಂದು ಪ್ರೋಗ್ರಾಮ್ ಕೇಳಿದರೆ ಅದರಲ್ಲೂ ಊಹೆಯ ಅಂಕಿಯೇ ಇರುತ್ತದೆ. ಗಾಡಿಯನ್ನು ಎತ್ತಿ ಬಿಳಿಯ ಮೇಲೊಮ್ಮೆ, ಟೇಪಿನ ಮೇಲೊಮ್ಮೆ ಇಟ್ಟು, ಎರಡು ಅಂಕಿ ಬರೆದುಕೊಂಡು, ಕೂಡಿ ಅರ್ಧ ಮಾಡಿದರೆ ಗಾಡಿ ಅಂಚು ಹಿಡಿಯುತ್ತದೆ. ಸೆನ್ಸಾರನ್ನು ಇನ್ನೊಂದು ತುಂಡು ಕೆಳಗೆ ಇಳಿಸಿ ಮತ್ತೆ ಅಳೆದರೆ ಬಿಳಿಗೂ ಕಪ್ಪಿಗೂ ನಡುವಿನ ಅಂತರವೂ ಹೆಚ್ಚಬಹುದು.